ಕೇದಾರಕಂಠದ ಕ್ಯೂ, ಬ್ರಹ್ಮತಾಲದ ಹಿಮ

ಹಿಮದಲ್ಲಿ ನಡೆಯಬೇಕು ಅನ್ನೋ ಹುಚ್ಚಿಗೆ ಎರಡು ಸಲ ಉತ್ತರಾಖಂಡಕ್ಕೆ ಚಾರಣ ಹೋದೆ. ಮೊದಲು ಡಿಸೆಂಬರ್ ಕೊನೆಯ ವಾರ ಕೇದಾರಕಂಠ, ಮರುವರ್ಷ ಫೆಬ್ರವರಿಯಲ್ಲಿ ಬ್ರಹ್ಮತಾಲ. ಈಗ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ಬ್ರಹ್ಮತಾಲ ಅನ್ನುತ್ತೇನೆ.

ಎತ್ತರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಎರಡೂ 12,000 ಅಡಿ ದಾಟುತ್ತವೆ. ಕುಮಾರಪರ್ವತವನ್ನು ಉಸ್ಸಪ್ಪಾ ಅಂತಾದರೂ ಹತ್ತಿ ಇಳಿದವರಿಗೆ ಎರಡೂ ಆಗುತ್ತವೆ. ಕಾಡುವುದು ಏರಲ್ಲ, ಚಳಿ.

ಕೇದಾರಕಂಠದಲ್ಲಿ ನನ್ನನ್ನು ಕಾಡಿದ್ದು ಮಾತ್ರ ಜನ. ತುದಿಯಿಂದ ಸೂರ್ಯೋದಯ ನೋಡಬೇಕಲ್ವಾ, ಹಾಗಾಗಿ ರಾತ್ರಿ ಎರಡಕ್ಕೇ ಎಬ್ಬಿಸಿದರು. ಮೂರಕ್ಕೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟೆವು. ಕೆಳಗೂ ಮೇಲೂ ದೀಪದ ಸಾಲು, ಥೇಟ್ ಜಾತ್ರೆ. ಐದು ನಿಮಿಷ ಚೆಂದ ಅನಿಸಿತು. ಆಮೇಲೆ ಸಾಲು ನಿಂತುಬಿಟ್ಟಿತು.

ಮುಂದೆ ಯಾರೋ ಸ್ಪೈಕ್, ಅಂದರೆ ಹಿಮದಲ್ಲಿ ಜಾರದಿರಲಿ ಅಂತ ಬೂಟಿನ ಅಡಿಗೆ ಹಾಕುವ ಲೋಹದ ಹಲ್ಲು, ಕಟ್ಟಿಕೊಳ್ಳುತ್ತಿದ್ದರು. ಪಕ್ಕಕ್ಕೆ ಸರಿದು ದಾಟೋಣ ಅಂದರೆ ದಾರಿ ಬಿಟ್ಟ ಕಡೆ ತೊಡೆಯವರೆಗೆ ಹೂತುಹೋಗುವ ಹಿಮ. ನಡೆಯುತ್ತಿದ್ದಷ್ಟು ಹೊತ್ತು ಮೈ ಬಿಸಿ ಇರುತ್ತದೆ. ನಿಂತ ಕೂಡಲೇ ಜಾಕೆಟ್ ಒಳಗಿನ ಬೆವರು ತಣ್ಣಗಾಗಿ ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿದ ಹಾಗಾಯಿತು. ನೀರು ಕುಡಿಯೋಣ ಅಂದರೆ ಬ್ಯಾಗಿನೊಳಗಿನ ನೀರಿನ ಚೀಲದಿಂದ ಬರುವ ಪೈಪಿನೊಳಗೇ ಹೆಪ್ಪುಗಟ್ಟಿತ್ತು. ಗ್ಲೌಸ್ ತೆಗೆದು, ಪೈಪನ್ನು ಅಂಗೈಯಲ್ಲಿ ಹಿಡಿದು ಊದುತ್ತಾ ನಿಂತೆ. ನೀರು ಬರಲಿಲ್ಲ, ಬೆರಳು ಮಾತ್ರ ಮರಗಟ್ಟಿತು. ಹತ್ತು ಹೆಜ್ಜೆ ಹಾಕು, ನಿಲ್ಲು. ಮತ್ತೆ ಹತ್ತು ಹೆಜ್ಜೆ, ನಿಲ್ಲು. ಕೊನೆಗೆ ಸೂರ್ಯೋದಯ ನೋಡಿದ್ದು ಕ್ಯೂನಲ್ಲೇ, ಮುಂದಿದ್ದವರ ಬ್ಯಾಗಿನ ನೀಲಿ ರೇನ್‌ಕವರ್ ಪಕ್ಕದಿಂದ ಇಣುಕಿ.

ಇಳಿಯುವಾಗ ಇನ್ನೊಂದು ಫಜೀತಿ. ಅಷ್ಟು ಜನ ತುಳಿದ ಹಿಮ ಹಗಲು ಒಂಚೂರು ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ ಗಾಜಿನಂತಾಗಿತ್ತು. ನನ್ನ ಬಾಡಿಗೆ ಸ್ಪೈಕಿನ ರಬ್ಬರ್ ಸಡಿಲವಾಗಿ, ಹಲ್ಲುಗಳೆಲ್ಲ ಅಡಿಯಿಂದ ಜಾರಿ ಬೂಟಿನ ಪಕ್ಕಕ್ಕೆ ಬಂದವು. ಕೊನೆಗೆ ಮಾನ ಬಿಟ್ಟು ಕೂತೇ ಜಾರಿದೆ. ಪ್ಯಾಂಟು ಮತ್ತೆ ಹಾಕುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ಬ್ರಹ್ಮತಾಲದಲ್ಲಿ ಹೊರಟಾಗ ಬೆಳಕು ಹರಿಯುತ್ತಿತ್ತು. ಹಿಂದಿನ ದಿನವಷ್ಟೇ ಹಿಮ ಬಿದ್ದಿತ್ತು. ಕಾಲಿಟ್ಟರೆ ಕರಕರ ಸದ್ದು, ಜಾರುವ ಮಾತೇ ಇಲ್ಲ. ನಮ್ಮದು ಬಿಟ್ಟರೆ ಇನ್ನೊಂದೇ ಗುಂಪು. ಬೆಟ್ಟದ ಏಣಿನ ಮೇಲೆ ನಡೆಯುವಾಗ ಎದುರಿಗೆ 7,120 ಮೀಟರ್ ಎತ್ತರದ ತ್ರಿಶೂಲ, ಪಕ್ಕದಲ್ಲಿ ನಂದಾ ಘುಂಟಿ. ನಿಂತು ನೋಡಿದರೆ ಹಿಂದಿನಿಂದ ಯಾರೂ ತಳ್ಳುವುದಿಲ್ಲ.

ದಾರಿಯಲ್ಲಿ ಸಿಗುವ ಬೇಕಲ್‌ತಾಲ್ ಕೆರೆ ಹೆಪ್ಪುಗಟ್ಟಿತ್ತು. ದಡದ ಹತ್ತಿರ ಮಂಜುಗಡ್ಡೆ ತೆಳ್ಳಗಿತ್ತು. ಅದರ ಅಡಿಯಲ್ಲಿ ಓಕ್ ಮರದ ಕಂದು ಎಲೆಗಳು ಅಂಟಿಕೊಂಡಿದ್ದವು, ನರ ನರವೂ ಕಾಣುವ ಹಾಗೆ. ಕೇದಾರಕಂಠದ ದಾರಿಯಲ್ಲೂ ಜುಡಾ ಕಾ ತಾಲಾಬ್ ಇದೆ. ಅಲ್ಲಿ ಕೆರೆಗಿಂತ ಟೆಂಟುಗಳೇ ಜಾಸ್ತಿ ಕಂಡವು.

ನ್ಯಾಯವಾಗಿ ಹೇಳಬೇಕಂದರೆ, ಶಿಖರ ಅಂದರೆ ಕೇದಾರಕಂಠವೇ. ತುದಿಯಲ್ಲಿ ಸುತ್ತ ತಿರುಗಿದರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಎಲ್ಲ ಕಾಣುತ್ತವೆ. ಬ್ರಹ್ಮತಾಲದಲ್ಲಿ 'ಹತ್ತಿ ಮುಗಿಸಿದೆ' ಅನ್ನುವ ಆ ಖುಷಿ ಸ್ವಲ್ಪ ಕಮ್ಮಿ.

ಪ್ರಯಾಣದ ಸುಸ್ತು ಸಮ ಸಮ. ಕೇದಾರಕಂಠದ ನಡಿಗೆ ಶುರುವಾಗುವುದು ಸಾಂಕ್ರಿಯಿಂದ, ಬ್ರಹ್ಮತಾಲದ್ದು ಲೋಹಾಜಂಗ್‌ನಿಂದ. ಡೆಹ್ರಾಡೂನ್‌ನಿಂದ ಸಾಂಕ್ರಿಗೂ ಕಾಠ್‌ಗೋದಾಮ್‌ನಿಂದ ಲೋಹಾಜಂಗ್‌ಗೂ ಸುಮಾರು 200 ಕಿಲೋಮೀಟರ್, ಇಡೀ ದಿನದ ತಿರುವು. ವಾಂತಿ ಮಾತ್ರೆ ಎರಡಕ್ಕೂ ಬೇಕು. ಸಾಂಕ್ರಿ ದಾರಿಯಲ್ಲಿ ಟೋನ್ಸ್ ನದಿ ಜೊತೆಗಿರುತ್ತದೆ, ಲೋಹಾಜಂಗ್ ದಾರಿಯಲ್ಲಿ ಪಿಂಡರ್ ಸಿಗುತ್ತದೆ. ಟೋನ್ಸ್ ಯಮುನೆಗೆ ಸೇರುತ್ತದೆ, ಪಿಂಡರ್ ಕರ್ಣಪ್ರಯಾಗದಲ್ಲಿ ಅಲಕನಂದೆಗೆ. ಅಂದರೆ ಎರಡೂ ಬೆಟ್ಟದ ಹಿಮ ಕೊನೆಗೆ ಪ್ರಯಾಗರಾಜ್‌ನಲ್ಲಿ ಒಂದಾಗುತ್ತದೆ. ಸುಮ್ನೆ ಹೇಳಿದೆ, ಆಯ್ಕೆಗೇನೂ ಸಹಾಯ ಆಗಲ್ಲ.

ಖರ್ಚಿನಲ್ಲಿ ನನಗೆ ಬ್ರಹ್ಮತಾಲವೇ ಅಗ್ಗವಾಯಿತು. ದೆಹಲಿಯಿಂದ ಕಾಠ್‌ಗೋದಾಮ್‌ಗೆ ರಾತ್ರಿ ರೈಲಿನ ಸ್ಲೀಪರ್‌ನಲ್ಲಿ ಹೋದೆ. ಕೇದಾರಕಂಠಕ್ಕೆ ಡೆಹ್ರಾಡೂನ್‌ವರೆಗೆ ವಿಮಾನ, ಅದೂ ವರ್ಷಾಂತ್ಯದ ದರದಲ್ಲಿ.

ಗೆಳೆಯರ ದಂಡಿನ ಜೊತೆ ಗದ್ದಲ ಮಾಡಿಕೊಂಡು ಹೋಗಿ, ತುದಿಯಲ್ಲಿ ಬಾವುಟ ಹಿಡಿದು ಫೋಟೊ ತೆಗೆಸಿಕೊಳ್ಳುವ ಆಸೆ ಇದ್ದರೆ ಕೇದಾರಕಂಠಕ್ಕೇ ಹೋಗಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬೇಡ. ನಾನು ನಿಧಾನದವನು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತೇನೆ, ಆದರೆ ನಿಲ್ಲುವುದು ನನಗೆ ಬೇಕಾದಾಗ ಆಗಬೇಕು. ಬರುವ ಫೆಬ್ರವರಿಗೆ ಮತ್ತೆ ಬ್ರಹ್ಮತಾಲ. ಸ್ಪೈಕ್ ಈ ಸಲ ಸ್ವಂತದ್ದು.