ನಾಯಿಯ ತುರಿಕೆಗೆ ಕ್ಲೋರ್‌ಹೆಕ್ಸಿಡಿನ್–ಮೈಕೊನಜೋಲ್ ಶಾಂಪೂ

ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್, ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ತಡೆಯುವ ಮೈಕೊನಜೋಲ್ ತಲಾ 2% ಇರುವ ಈ ಶಾಂಪೂ ಒಳ್ಳೆಯದೇ, ಆದರೆ ತುರಿಕೆಗೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಮಾತ್ರ. ಕಮಟು ವಾಸನೆ, ಜಿಡ್ಡುಗಟ್ಟಿದ ಚರ್ಮ, ಬೆರಳ ಸಂದಿಯಲ್ಲಿ ಕಂದು ಕಲೆ ಕಂಡರೆ ಇದು ಸರಿಯಾದ ಆಯ್ಕೆ. ಬಾಲದ ಬುಡವನ್ನೇ ಕಚ್ಚಿಕೊಳ್ಳುತ್ತಿದ್ದರೆ ಅದು ಬಹುತೇಕ ಚಿಗಟದ ಕೆಲಸ. ಇಡೀ ಬಾಟಲಿ ಸುರಿದರೂ ಪ್ರಯೋಜನವಿಲ್ಲ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ನೊರೆ ಚರ್ಮದ ಮೇಲೆ 10 ನಿಮಿಷ ನಿಲ್ಲಲೇಬೇಕು, ಅದೂ ಗಡಿಯಾರ ನೋಡಿ. ಕೂದಲ ಮೇಲೆ ಸವರಿದರೆ ಸಾಲದು, ಬುಡಕ್ಕೆ ಬೆರಳಿಳಿಸಿ ಉಜ್ಜಿ. ಬಿಸಿನೀರು ತುರಿಕೆಯನ್ನು ಕೆರಳಿಸುತ್ತದೆ. ಹೊಟ್ಟೆ, ಕಂಕುಳಲ್ಲಿ ನೊರೆ ಉಳಿದರೆ ಅದೇ ಹೊಸ ತುರಿಕೆ. ವಾರಕ್ಕೆ 2 ಸಲದಂತೆ 3 ವಾರ ಬಳಸಿ ನೋಡಿ. ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ) ಹಾನಿ. ಕಿವಿಯೊಳಗಂತೂ ಬೇಡವೇ ಬೇಡ. ಒಂದು ಕೊರತೆ: ಒಣಚರ್ಮದ ನಾಯಿಗೆ ಹೊಟ್ಟು ಏಳಬಹುದು, ಕಂಡೀಷನರ್ ಬೇರೆಯೇ ಬೇಕು.