ಮರಾಕೆಶ್‌ನಿಂದ ಸಹಾರಾಗೆ 3 ದಿನದ ಟೂರ್: ದುಡ್ಡು ಕಟ್ಟುವ ಮುಂಚೆ ಓದಿ

ಮೊರಾಕ್ಕೊಗೆ ಹೊರಟವರು '3 ದಿನ, 2 ರಾತ್ರಿ ಸಹಾರಾ' ಪ್ಯಾಕೇಜಿಗೆ ಪೂರ್ತಿ ದುಡ್ಡು ಕಟ್ಟುವ ಮುಂಚೆ ಒಮ್ಮೆ ಮ್ಯಾಪ್ ತೆಗೆದು ನೋಡಿ. ಮರಾಕೆಶ್‌ನಿಂದ ಮರಳುದಿಬ್ಬಗಳಿರುವ ಮೆರ್ಜೂಗಾಗೆ ಸುಮಾರು 560 ಕಿಲೋಮೀಟರ್. ನಡುವೆ ಹೈ ಅಟ್ಲಾಸ್ ಬೆಟ್ಟಸಾಲು, 2,260 ಮೀಟರ್ ಎತ್ತರದ ತಿಝಿ ಎನ್ ತಿಶ್ಕಾ ಘಾಟಿ. ಆಗುಂಬೆ, ಚಾರ್ಮಾಡಿಯಲ್ಲೇ ಹೊಟ್ಟೆ ತೊಳಸುವವರು ಮಾತ್ರೆ ನುಂಗದೆ ಹತ್ತಬೇಡಿ. ಹೋಗುವುದಕ್ಕೆ ಎರಡು ದಿನ; ಮೂರನೇ ದಿನ ನಸುಕಿನಿಂದ ರಾತ್ರಿವರೆಗೆ ಬರೀ ವಾಪಸ್ ಬರುವ ಕೆಲಸ. ಜಾಹೀರಾತಿನಲ್ಲಿ ಒಂಟೆ ಫೋಟೊ ಇರುತ್ತದೆ, ಇದು ಇರುವುದಿಲ್ಲ.

ನಮಗೆ ಹೇಳಿದ್ದು ಚಿಕ್ಕ ಗುಂಪು, ಇಂಗ್ಲಿಷ್ ಬರುವ ಗೈಡ್. ಬೆಳಗ್ಗೆ ಬಂದದ್ದು ಬೇರೆ ಕಂಪನಿಯ ವ್ಯಾನು, ಒಂದು ಸೀಟೂ ಖಾಲಿಯಿಲ್ಲ. ನಮ್ಮ ಬುಕಿಂಗನ್ನು ಅವರಿಗೆ ದಾಟಿಸಿದ್ದರು. ಗೈಡ್ ಇರಲೇ ಇಲ್ಲ, ಡ್ರೈವರ್ ಒಬ್ಬನೇ. ಪಾಪ, ಆತ ಗಾಡಿ ಚೆನ್ನಾಗಿಯೇ ಓಡಿಸಿದ. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಐತ್ ಬೆನ್‌ಹದ್ದೂ ಎಂಬ ಮಣ್ಣಿನ ಕೋಟೆಯೂರಿನಲ್ಲಿ ಸ್ಥಳೀಯ ಗೈಡಿಗೆಂದು ತಲೆಗಿಷ್ಟು ಮತ್ತೆ ವಸೂಲಿ ಆಯಿತು.

ಹೊಟ್ಟೆ ಉರಿದದ್ದು ತೊದ್ರಾ ಕಮರಿಯಲ್ಲಿ. ಎರಡೂ ಕಡೆ 300 ಮೀಟರ್‌ನಷ್ಟು ನೆಟ್ಟಗೆ ನಿಂತ ಬಂಡೆ, ಕೆಳಗೆ ತಣ್ಣನೆ ನೀರು. ಅಲ್ಲಿ ಕೊಟ್ಟದ್ದು ಇಪ್ಪತ್ತು ನಿಮಿಷ. ಪಕ್ಕದ ರತ್ನಗಂಬಳಿ ಮನೆಯಲ್ಲಿ ಒಂದು ಗಂಟೆಯ ಮೇಲೆ! ಪುದೀನಾ ಚಹಾ ಕೊಟ್ಟು ಕೂರಿಸಿ, ಕಾಲ ಮುಂದೆ ಒಂದರ ಮೇಲೊಂದು ಗಂಬಳಿ ಬಿಚ್ಚುತ್ತಾ ಹೋದರು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ಕೈಗೆ ಕೊಡುತ್ತಾರೆ, 'ನಿಮ್ಮ ರೇಟು ನೀವೇ ಒತ್ತಿ' ಅನ್ನುತ್ತಾರೆ. ಯಾರೂ ಕೊಳ್ಳದೆ ಎದ್ದಾಗ ಆ ನಗುಮುಖ ಎಲ್ಲಿ ಹೋಯಿತೋ! ಆಮೇಲೆ ಎರ್ಫೂದ್‌ನಲ್ಲಿ ಪಳೆಯುಳಿಕೆ ಅಂಗಡಿ. ಕಪ್ಪು ಕಲ್ಲಲ್ಲಿ ಹುದುಗಿದ ಆ ಹಳೇ ಕಡಲಜೀವಿಗಳು ನೋಡುವಂಥವೇ, ಆದರೆ ಹೊರಗೆ ಹೊತ್ತು ಇಳಿಯುತ್ತಿತ್ತು.

ಹಾಗಾಗಿ ಮೆರ್ಜೂಗಾ ಪಕ್ಕದ ಎರ್ಗ್ ಶೆಬ್ಬಿ ಮರಳುಗಾಡಿನ 150 ಮೀಟರ್ ಎತ್ತರದ ದಿಬ್ಬಗಳನ್ನು ನಾವು ಒಂಟೆ ಮೇಲಿಂದ ಕಂಡದ್ದು ಕತ್ತಲಲ್ಲಿ, ಅಂದರೆ ಕಾಣಲಿಲ್ಲ. 'ಮರುಭೂಮಿಯ ನಡುವಿನ ಕ್ಯಾಂಪ್' ಇದ್ದದ್ದು ಮರಳಿನ ಅಂಚಿನಲ್ಲಿ. ಊರಿನ ದೀಪ ಕಾಣುತ್ತಿತ್ತು, ಜನರೇಟರ್ ಕೇಳುತ್ತಿತ್ತು. ಡಿಸೆಂಬರ್ ಚಳಿಗೆ ತಲೆಗೊಂದೇ ಕಂಬಳಿ. ಸಸ್ಯಾಹಾರ ಎಂದು ಮೊದಲೇ ಬರೆದಿದ್ದೆವು. ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ತಜೀನ್ ಎಂಬ ಅಡುಗೆಯಿಂದ ಕೋಳಿ ತುಂಡು ಎತ್ತಿಟ್ಟು, ಉಳಿದದ್ದನ್ನೇ ನಮ್ಮ ಮುಂದೆ ಇಟ್ಟರು. ಅಲ್ಲಿನ ಅರಬ್ಬಿಯಲ್ಲಿ 'ಬ್ಲಾ ಲ್ಹಮ್' (ಮಾಂಸ ಬೇಡ) ಅಂದರೆ ಸಾಲದು, 'ಬ್ಲಾ ದ್ಜಾಜ್' (ಕೋಳಿ ಬೇಡ) ಅಂತಲೂ ಸೇರಿಸಿ.

ದುಡ್ಡು ವಾಪಸ್ ಕೇಳಿದರೆ ಬುಕಿಂಗ್‌ನವರು ವ್ಯಾನಿನವರ ಕಡೆ ಕೈ ತೋರಿಸಿದರು. ವ್ಯಾನಿನವರು 'ನಿಮ್ಮ ದುಡ್ಡು ನಮಗೆ ಬಂದೇ ಇಲ್ಲ' ಅಂದರು.

ಗಾಡಿ ಯಾರದ್ದು, ಎಷ್ಟು ಸೀಟು, ಅಂಗಡಿಗಳಲ್ಲಿ ನಿಲ್ಲಿಸುತ್ತಾರಾ, ಕ್ಯಾಂಪಿನ ಹೆಸರೇನು, ಸೂರ್ಯಾಸ್ತಕ್ಕೆ ಮುಂಚೆ ತಲುಪುತ್ತೇವಾ ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮುಂಗಡ ಸ್ವಲ್ಪವೇ ಕೊಡಿ. ಎರಡು ದಿನದ ಅಗ್ಗದ ಟೂರ್‌ಗಳು ಸಾಮಾನ್ಯವಾಗಿ ಹೋಗುವುದು ಝಗೋರಾಗೆ. ಅಲ್ಲಿ ಫೋಟೊದಲ್ಲಿರುವಂಥ ದೊಡ್ಡ ದಿಬ್ಬಗಳಿಲ್ಲ. ಸಮಯ ಇದ್ದರೆ ಸುಪ್ರಾಟೂರ್ಸ್ ಬಸ್ಸಿನಲ್ಲಿ ಮೆರ್ಜೂಗಾಗೆ ಹೋಗಿ, ಕ್ಯಾಂಪನ್ನು ನೇರವಾಗಿ ಬುಕ್ ಮಾಡಿ, ಎರಡು ರಾತ್ರಿ ಇದ್ದು ಅಲ್ಲಿಂದ ಫೆಸ್ ನಗರದ ಕಡೆ ಹೊರಡಿ. ಬಂದ ದಾರಿಯಲ್ಲೇ ಇಡೀ ದಿನ ವಾಪಸ್ ಕೂರುವುದು ತಪ್ಪುತ್ತದೆ.