ಸುರುಳಿ ಮಣಿಯೋ, ಗಾಜಿನ ಬಿಲ್ಲೆಯೋ: ಹಳೆಯ ಚಿತ್ರಕಥೆಯ ಪುಟಗಳಿಂದ ಒಡವೆ

ಕಳೆದ ಮಾಗಿಯಲ್ಲಿ ತುಮಕೂರಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಮಕ್ಕಳ ಚಿತ್ರಕಥೆಗಳು, ವಾರಪತ್ರಿಕೆಗಳು ಮತ್ತು ಮದುವೆಯ ಕರೆಯೋಲೆಗಳು ಸಿಕ್ಕವು. ಅರ್ಧದಷ್ಟನ್ನು ಗೆದ್ದಲು ತಿಂದಿತ್ತು. ರದ್ದಿಗೆ ಹಾಕುವ ಮೊದಲು ಇವುಗಳಿಂದ ಓಲೆ, ಸರ, ಪದಕಗಳನ್ನು ಮಾಡಿ ನೋಡೋಣವೆಂದು ಕುಳಿತೆ. ಬರೆಯುವ ಗರಿಗೂ ಕಿವಿಯ ಒಡವೆಗೂ ಕನ್ನಡದಲ್ಲಿ ಓಲೆ ಎಂಬ ಒಂದೇ ಹೆಸರಿದೆ. ತಾಳೆಗರಿಯನ್ನು ಸುರುಳಿ ಸುತ್ತಿ ಕಿವಿಗೆ ಇಟ್ಟುಕೊಳ್ಳುತ್ತಿದ್ದ ಕಾಲದ ಗುರುತು ಅದು. ಆದ್ದರಿಂದ ಮೊದಲು ಕೈಹಾಕಿದ್ದು ಸುರುಳಿ ಮಣಿಗೇ.

ಸುರುಳಿ ಮಣಿಯ ವಿಧಾನ ಸರಳವಾಗಿದೆ. ಎ4 ಅಳತೆಯ ಪುಟದ ಉದ್ದಕ್ಕೆ, ಅಂದರೆ 29.7 ಸೆಂ.ಮೀ. ಉದ್ದಕ್ಕೆ, ಒಂದು ತುದಿ 2 ಸೆಂ.ಮೀ. ಅಗಲವಿದ್ದು ಇನ್ನೊಂದು ತುದಿ ಚೂಪಾಗುವಂತೆ ಪಟ್ಟಿ ಕತ್ತರಿಸಿ, ಅಗಲದ ತುದಿಯಿಂದ ದಪ್ಪ ಸೂಜಿಯ ಮೇಲೆ ಬಿಗಿಯಾಗಿ ಸುತ್ತುತ್ತಾ ಬಂದು, ಕೊನೆಯನ್ನು ಬಿಳಿ ಅಂಟಿನಿಂದ ಕೂರಿಸಬೇಕು. ನಡುವೆ ಉಬ್ಬಿ, ಎರಡೂ ತುದಿಗೆ ಸಣ್ಣಗಾಗುವ, ಐದಾರು ಮಿಲಿಮೀಟರ್ ದಪ್ಪದ ಮಣಿಯಾಗುತ್ತದೆ. ಪಟ್ಟಿ ಒಂದೆರಡು ಮಿಲಿಮೀಟರ್ ಓರೆಯಾದರೂ ಮಣಿ ಒಂದು ಕಡೆಗೆ ವಾಲುತ್ತದೆ. ನನ್ನ ಮೊದಲ ಇಪ್ಪತ್ತು ಮಣಿಗಳು ಸೊಟ್ಟ ಬದನೆಕಾಯಿಗಳಂತಿದ್ದವು.

ಚಿತ್ರಕಥೆಯ ಪುಟವನ್ನು ಹೀಗೆ ಸುತ್ತಿದಾಗ ನನಗೆ ನಿಜವಾಗಿಯೂ ಬೇಸರವಾಯಿತು. ರಾಜಕುಮಾರನೂ ರಾಕ್ಷಸನೂ ಮಣಿಯ ಮೇಲೆ ಕಾಣುತ್ತಾರೆಂದು ನಾನು ಎಣಿಸಿದ್ದೆ. ಆದರೆ ಪಟ್ಟಿ ಕಿರಿದಾಗುತ್ತಾ ಹೋಗುವುದರಿಂದ ಪ್ರತಿ ಸುತ್ತಿನಲ್ಲಿಯೂ ಹೊರಗೆ ಉಳಿಯುವುದು ಎರಡು ಅಂಚುಗಳ ಸುಮಾರು ಅರ್ಧ ಮಿಲಿಮೀಟರ್ ಮಾತ್ರ, ಚಿತ್ರದ ಮುಖವೆಲ್ಲ ಒಳಗೆ ಮುಚ್ಚಿಹೋಗುತ್ತದೆ. ಚೌಕಟ್ಟುಗಳ ನಡುವಿನ ಬಿಳಿಯ ಜಾಗ ಅಂಚಿಗೆ ಬಂದರಂತೂ ಮಣಿ ಪೂರ್ತಿ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ ವಾರಪತ್ರಿಕೆಯ ಜಾಹೀರಾತಿನ ನುಣುಪು ಪುಟ ಸುರುಳಿಗೆಂದೇ ಹುಟ್ಟಿದಂತಿದೆ, ಏಕೆಂದರೆ ಬಣ್ಣ ಅಂಚಿನವರೆಗೂ ಹರಡಿರುತ್ತದೆ ಮತ್ತು ಮೇಲ್ಮೈಯ ಲೇಪನದಿಂದಾಗಿ ಸುತ್ತು ಬಿಗಿಯಾಗಿ ಕೂರುತ್ತದೆ. ದಿನಪತ್ರಿಕೆಯ ಕಾಗದ ಮೆತ್ತಗಿದ್ದು ಸುಲಭವಾಗಿ ಸುತ್ತಿಕೊಳ್ಳುತ್ತದೆ. ಆದರೆ ಅದರ ಶಾಯಿ ಕಾಗದಕ್ಕೆ ಇಂಗಿಯಷ್ಟೇ ಆರುವುದರಿಂದ ಬೆರಳು ಕಪ್ಪಾಗಿ, ಆ ಕಪ್ಪು ಮುಂದಿನ ಮಣಿಗೂ ಹತ್ತುತ್ತದೆ. ಮದುವೆಯ ಪತ್ರಿಕೆಯ ದಪ್ಪ ಕಾಗದ ಸುತ್ತುವಾಗಲೇ ಬಿರಿಯಿತು. ಕರೆಯೋಲೆ ಕಿವಿಯೋಲೆಯಾಗಲು ಒಪ್ಪಲಿಲ್ಲ.

ಚಿತ್ರಕಥೆಗೆ ತಕ್ಕದ್ದು ಗಾಜಿನ ಬಿಲ್ಲೆ. ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿ ಗುಮ್ಮಟದಂತೆ ಉಬ್ಬಿರುವ, 25 ಮಿ.ಮೀ. ಅಡ್ಡಳತೆಯ ಗಾಜು ಮತ್ತು ಅದು ಕೂರುವ ಲೋಹದ ಬಟ್ಟಲು ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತವೆ. ಪುಟದ ಮೇಲೆ ಗಾಜನ್ನು ಇಟ್ಟು ಸರಿಸುತ್ತಾ ಹೋದರೆ, ಎಲ್ಲಿ ನಿಲ್ಲಿಸಬೇಕೆಂದು ಕಣ್ಣೇ ಹೇಳುತ್ತದೆ: ಒಂದು ಹುಬ್ಬು, ಕತ್ತಿ ಹಿಡಿದ ಕೈ, ಮಾತಿನ ಗುಳ್ಳೆಯೊಳಗಿನ ಒಂದು ‘ಅಯ್ಯೋ’. ಉಬ್ಬುಗಾಜು ಭೂತಗನ್ನಡಿಯಂತೆ ಕೆಲಸ ಮಾಡುವುದರಿಂದ ಹಳೆಯ ಮುದ್ರಣದ ನೀಲಿ, ಕೆಂಪು, ಹಳದಿ ಚುಕ್ಕೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಯಾವ ಮಣಿಯೂ ನನಗೆ ಈ ಸಂತೋಷವನ್ನು ಕೊಡಲಿಲ್ಲ.

ಆದರೆ ಇಲ್ಲಿಯೂ ಒಂದು ತೊಡಕಿದೆ. ಗಾಜಿನ ಚಪ್ಪಟೆ ಬದಿಗೆ ಅಂಟಿಸುವ ತೆಳುವಾದ ಪುಟ ಅಂಟಿನಲ್ಲಿ ನೆನೆದಾಗ ಪಾರದರ್ಶಕವಾಗಿ, ಹಿಂಬದಿಯ ಚಿತ್ರವೂ ಅಕ್ಷರವೂ ಮುಂದಕ್ಕೆ ತೋರುತ್ತವೆ. ನನ್ನ ಮೊದಲ ಪದಕದ ಮುನಿಗಳ ಗಡ್ಡದಲ್ಲಿ ತಿರುಗುಮುರುಗಾದ ಸೋಪಿನ ಜಾಹೀರಾತು ಮೂಡಿತ್ತು. ಪುಟದ ಹಿಂಬದಿಗೆ ಮೊದಲೇ ಬಿಳಿಯ ಕಾಗದ ಅಂಟಿಸಿ, ಒತ್ತಿಟ್ಟು, ಒಂದು ರಾತ್ರಿ ಆರಿಸಿದ ಮೇಲೆ ಈ ತೊಂದರೆ ಬಹುಮಟ್ಟಿಗೆ ತಪ್ಪಿತು. ಮೂಲ ಪುಟದ ಬದಲು ಕಲರ್ ಜೆರಾಕ್ಸ್ ಬಳಸಿದರೆ ತೊಂದರೆಯೇ ಇಲ್ಲ, ಏಕೆಂದರೆ ಅದರ ಹಿಂಬದಿ ಖಾಲಿ, ಕಾಗದವೂ ದಪ್ಪ. ನಮ್ಮ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ತೆಗೆಸಿದ ನಕಲು ಮೂಲಕ್ಕಿಂತ ಚೆನ್ನಾಗಿಯೇ ಕೂತಿತು ಎಂದು ಒಪ್ಪಬೇಕು, ಆದರೂ ಹಳೆಯ ಕಾಗದದ ಆ ಕಂದು ಬಣ್ಣ ನಕಲಿನಲ್ಲಿ ಬಣ್ಣ ಬಳಿದಂತೆ ಕಾಣುತ್ತದೆ. ನಕಲು ಮಾಡಿದ್ದನ್ನು ಮಾರುವುದಾದರೆ ಕೃತಿಸ್ವಾಮ್ಯದ ಪ್ರಶ್ನೆಯೂ ಏಳುತ್ತದೆ. ನಮ್ಮ ದೇಶದಲ್ಲಿ ಲೇಖಕ, ಚಿತ್ರಕಾರರು ತೀರಿಕೊಂಡ ಬಳಿಕವೂ ಆ ಹಕ್ಕು 60 ವರ್ಷ ಉಳಿಯುತ್ತದೆ.

ತೂಕದಲ್ಲಿ ಮಾತ್ರ ಮಣಿಯದೇ ಮೇಲುಗೈ. ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಒಂದು ಪಟ್ಟಿ ಕಾಲು ಗ್ರಾಮಿನಷ್ಟೂ ಆಗದು, ಆದ್ದರಿಂದ ಮೂರು ಮಣಿಗಳ ಲೋಲಾಕು ಕಿವಿಯಲ್ಲಿರುವುದೇ ಮರೆತುಹೋಗುತ್ತದೆ. ಬಿಲ್ಲೆಯ ಗಾಜೊಂದೇ ಸುಮಾರು 4 ಗ್ರಾಂ ಇದೆ. ಅದನ್ನು ಕಿವಿಗೆ ಹಾಕಿಕೊಂಡು ಸಿದ್ಧಗಂಗೆಯ ಜಾತ್ರೆಯಲ್ಲಿ ಅರ್ಧ ದಿನ ಸುತ್ತಿದ ನನ್ನ ತಂಗಿ ಸಂಜೆಗೆ ಓಲೆಗಳನ್ನು ಬಿಚ್ಚಿ ನನ್ನ ಕೈಗೇ ಕೊಟ್ಟಳು. ಬಿಲ್ಲೆ ಕೊರಳಿನ ಪದಕಕ್ಕೆ, ಮಣಿ ಕಿವಿಗೆ ಎಂದು ಅಂದೇ ತೀರ್ಮಾನವಾಯಿತು.

ಮಣಿಯ ನಿಜವಾದ ಪರೀಕ್ಷೆ ಇರುವುದು ಮೇಲಿನ ಲೇಪನದಲ್ಲಿ. ನೀರು ಬೆರೆಸಿದ ಬಿಳಿ ಅಂಟನ್ನು ಮೂರು ಬಾರಿ ಬಳಿದ ಮಣಿಗಳು ಒಣಗಿದಾಗ ಅಂದವಾಗಿದ್ದವು. ಬೇಸಿಗೆಯ ಬೆವರಿಗೆ ಮತ್ತೆ ಅಂಟಂಟಾದವು, ಮಳೆಯಲ್ಲಿ ನೆನೆದು ಹಾಲಿನಂತೆ ಬೆಳ್ಳಗಾದವು. ಬಣ್ಣವಿಲ್ಲದ ಉಗುರುಬಣ್ಣ ಬೇಗ ಆರಿ ಹೊಳಪು ಕೊಡುತ್ತದೆ, ಆದರೆ ಅದರೊಳಗಿನ ದ್ರಾವಕ ಜೆರಾಕ್ಸಿನ ಪುಡಿಬಣ್ಣವನ್ನು ಕರಗಿಸಿ ಕಲಸಿಬಿಡುತ್ತದೆ. ಸ್ಪಿರಿಟ್ಟಿನಲ್ಲಿ ಅರಗನ್ನು ಕರಗಿಸಿ ಮಾಡುವ ಬಡಗಿಗಳ ಪಾಲಿಶ್ ನನಗೆ ಬಹಳ ಹಿಡಿಸಿತು. ಅದು ಹಳೆಯ ಕಾಗದಕ್ಕೆ ಜೇನಿನ ಬಣ್ಣ ಕೊಡುತ್ತದೆ. ಒಂದು ದಿನ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಆ ಸರವನ್ನು ಮುಟ್ಟಿದೆ, ಅರಗು ಮದ್ಯಸಾರಕ್ಕೆ ಕರಗಿ ಬೆರಳಿಗೇ ಬಂತು. ಎರಡು ದ್ರವಗಳನ್ನು ಬೆರೆಸಿದಾಗ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಎಂಬ ಅಂಟು ಬಾಳಿಕೆಯದೇನೋ ಹೌದು, ಆದರೆ ಆರಲು ಒಂದು ಇಡೀ ದಿನ ಬೇಕು, ಗುಳ್ಳೆಗಳ ಕಾಟ ಬೇರೆ, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಕೊನೆಗೆ ನಿಂತದ್ದು ಎರಡು ಸಲ ಬಿಳಿ ಅಂಟು, ಅದು ಪೂರ್ತಿ ಒಣಗಿದ ಮೇಲೆ ಎರಡು ಸಲ ನೀರಿನಲ್ಲಿ ಬೆರೆಯುವ ಪಿಯು (ಪಾಲಿಯುರೆಥೇನ್) ವಾರ್ನಿಷ್. ಆಷಾಢದ ಮಳೆಯಲ್ಲಿ ಕ್ಯಾತ್ಸಂದ್ರದವರೆಗೆ ಹೋಗಿಬಂದರೂ ಈ ಮಣಿಗಳಿಗೆ ಏನೂ ಆಗಲಿಲ್ಲ. ಕೆಟ್ಟದ್ದು ಕೊಕ್ಕೆಗಳು, ಅಂಗಡಿಯವರು ತುಕ್ಕು ಹಿಡಿಯದೆಂದು ಹೇಳಿ ಕೊಟ್ಟವು.

ಬಿಸಿಲಿಗೆ ಮಾತ್ರ ಯಾವ ಲೇಪನವೂ ಪೂರ್ತಿ ಉತ್ತರವಲ್ಲ. ಅಗ್ಗದ ಕಾಗದದಲ್ಲಿ ಮರದ ನಾರುಗಳನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಅದು ಬೆಳಕಿಗೆ ಹಳದಿಯಾಗುತ್ತಲೇ ಹೋಗುತ್ತದೆ, ಮತ್ತು ಕಿಟಕಿಯ ಬಳಿ ತೂಗುಹಾಕಿದ್ದ ಒಂದು ಪದಕ ಎರಡೇ ತಿಂಗಳಿಗೆ ಡಬ್ಬಿಯಲ್ಲಿದ್ದ ಅದರ ಜೊತೆಯದಕ್ಕಿಂತ ಮಂಕಾಯಿತು. ಈಗ ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಗೆದ್ದಲು ಮುಟ್ಟದೆ ಪೂರ್ತಿ ಉಳಿದಿದ್ದ ಒಂಬತ್ತು ಚಿತ್ರಕಥೆಗಳಿಗೆ ಕತ್ತರಿ ಹಾಕಿಲ್ಲ. ಅವುಗಳಲ್ಲಿ ಇಷ್ಟವಾದ ಚೌಕಟ್ಟುಗಳನ್ನು ಜೆರಾಕ್ಸ್ ಮಾಡಿಸಿ ಮನೆಯವರಿಗಷ್ಟೇ ಪದಕ ಮಾಡಿಕೊಡುತ್ತಿದ್ದೇನೆ.